ಹತ್ತು ವರ್ಷ ಇಂಗ್ಲಿಷ್ ಕಲಿಸ್ತೀವಿ, ಕೇಳಿಸಿಕೊಳ್ಳೋಕೆ ಬರುತ್ತಾ ಅಂತ ಒಮ್ಮೆಯೂ ಪರೀಕ್ಷಿಸಲ್ಲ

2006ರಲ್ಲಿ ಅರಸೀಕೆರೆಯಲ್ಲಿ ಎಸ್ಸೆಸ್ಸೆಲ್ಸಿ ಬರೆದಾಗ ನನಗೆ ಇಂಗ್ಲಿಷ್‌ನಲ್ಲಿ 91 ಅಂಕ ಬಂದಿತ್ತು. ಕನ್ನಡ ಮಾಧ್ಯಮ, ಐದನೇ ಕ್ಲಾಸಿನಿಂದ ಎಬಿಸಿಡಿ. ಮನೆಯಲ್ಲಿ ಎಲ್ಲರೂ ಖುಷಿಪಟ್ಟರು, ನಾನೂ ನನಗೆ ಇಂಗ್ಲಿಷ್ ಬರುತ್ತೆ ಅಂತಲೇ ನಂಬಿದ್ದೆ. ಐದು ವರ್ಷ ಕಳೆದು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ ಒಂದು ಕಂಪನಿಯಿಂದ ಫೋನ್ ಇಂಟರ್ವ್ಯೂ ಬಂತು. ಆ ಕಡೆಯವರು ಕೇಳಿದ ಮೊದಲ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಎರಡನೆಯದೂ ಆಗಲಿಲ್ಲ. ಮೂರಕ್ಕೂ 'ಎಸ್ ಸರ್' ಅಂದೆ. ನಾಲ್ಕನೇ ಪ್ರಶ್ನೆ ಬರಲೇ ಇಲ್ಲ.

ಆಮೇಲೆ ಗೆಳೆಯನೊಬ್ಬ ಆ ಪ್ರಶ್ನೆಗಳನ್ನೇ ಕಾಗದದ ಮೇಲೆ ಬರೆದು ತೋರಿಸಿದ. ಎಲ್ಲವೂ ಗೊತ್ತಿದ್ದ ಪದಗಳೇ, ಎಲ್ಲಕ್ಕೂ ಉತ್ತರ ಗೊತ್ತಿತ್ತು. ಕಣ್ಣಿಗೆ ಬರುತ್ತಿದ್ದ ಇಂಗ್ಲಿಷ್ ಕಿವಿಗೆ ಬರುತ್ತಿರಲಿಲ್ಲ, ಅಷ್ಟೇ.

ಅದು ನನ್ನೊಬ್ಬನ ಸಮಸ್ಯೆ ಅಂತ ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸಲ್ಲ. ಇದು ನಾವು ಪರೀಕ್ಷೆ ನಡೆಸುವ ರೀತಿಯಿಂದಲೇ ಹುಟ್ಟುವ ಸಮಸ್ಯೆ. ಅದನ್ನು ವಿವರಿಸೋಕೆ ಚೀನಾದವರೆಗೂ ಒಂದು ಸುತ್ತು ಹೋಗಿ ಬರಬೇಕು.

ನಮ್ಮ ಪ್ರಶ್ನೆಪತ್ರಿಕೆ ಏನನ್ನು ಅಳೆಯುತ್ತೆ?

ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷ್‌ಗೆ 100 ಅಂಕ: 80 ಲಿಖಿತ, 20 ಆಂತರಿಕ. ಪಿಯುಸಿಯಲ್ಲೂ ಈಗ 80 ಮತ್ತು 20ರ ಲೆಕ್ಕವೇ. ಲಿಖಿತ ಪರೀಕ್ಷೆಯ ಹೆಚ್ಚಿನ ಪ್ರಶ್ನೆಗಳು ಪಠ್ಯಪುಸ್ತಕದ ಪಾಠ-ಪದ್ಯಗಳ ಮೇಲೆ, ಉಳಿದವು ವ್ಯಾಕರಣ, ಪತ್ರ, ಪ್ರಬಂಧ. ಪದ್ಯವೊಂದನ್ನು ಬಾಯಿಪಾಠದಿಂದ ಬರೆಯೋ ಪ್ರಶ್ನೆಯಂತೂ ಎಷ್ಟೋ ವರ್ಷಗಳಿಂದ ಇದೆ. ಪುಸ್ತಕದ ಹೊರಗಿನ ಗದ್ಯಭಾಗ ಕೊಟ್ಟು ಓದಿ ಉತ್ತರಿಸಿ ಅನ್ನುವುದಕ್ಕೆ ಸಿಗುವ ಜಾಗ ಚಿಕ್ಕದು. ಬೋರ್ಡ್ ಪರೀಕ್ಷೆಯ ಹಾಲ್‌ನಲ್ಲಿ ಧ್ವನಿ ಕೇಳಿಸಿ ಉತ್ತರ ಬರೆಸುವುದಕ್ಕೆ ಸೊನ್ನೆ.

ಹಾಗಾಗಿ ಒಬ್ಬ ಹುಡುಗಿ ಪಾಠದ ಪ್ರಶ್ನೋತ್ತರಗಳನ್ನು ಗೈಡ್‌ನಿಂದ ಉರುಹೊಡೆದು 80 ದಾಟಬಹುದು. ಅವಳಿಗೆ ಹೊಸ ಪುಟವೊಂದನ್ನು ಓದಿ ಅರ್ಥ ಮಾಡಿಕೊಳ್ಳೋಕೆ ಬರುತ್ತಾ? ಆ ಅಂಕದಿಂದ ಗೊತ್ತಾಗಲ್ಲ. ಪಾಠ ಒಂದು ಸಲ ಕ್ಲಾಸಿನಲ್ಲಿ ಕನ್ನಡದಲ್ಲಿ ಅರ್ಥವಾಗಿಬಿಟ್ಟರೆ ಪರೀಕ್ಷೆಯಲ್ಲಿ ಓದುವ ಕೆಲಸವೇ ಉಳಿಯಲ್ಲ, ನೆನಪಿನ ಕೆಲಸ ಮಾತ್ರ.

ಕೇಳುವುದು, ಮಾತಾಡುವುದು ಆಂತರಿಕ ಅಂಕದಲ್ಲಿ ಬರುತ್ತೆ ಅಂತ ಕಾಗದದಲ್ಲಿ ಹೇಳಬಹುದು. ಆದರೆ ಆಂತರಿಕ ಅಂಕವನ್ನು ಶಾಲೆಗಳು ಹೇಗೆ ಕೊಡುತ್ತವೆ ಅಂತ ಓದುಗರಿಗೆ ನಾನು ಹೇಳಬೇಕಿಲ್ಲ, ನೀವೂ ತಗೊಂಡವರೇ.

ಚೀನಾದಲ್ಲಿ ಆ ಇಪ್ಪತ್ತು ನಿಮಿಷ

ಚೀನಾದ ಹೈಸ್ಕೂಲ್ ಕೊನೆಯ ಪ್ರವೇಶ ಪರೀಕ್ಷೆಯ ಹೆಸರು ಗಾವೋಕಾವೋ. 2024ರಲ್ಲಿ ಇದಕ್ಕೆ ನೋಂದಾಯಿಸಿಕೊಂಡವರು 1.34 ಕೋಟಿ. ಅದರ ರಾಷ್ಟ್ರೀಯ ಇಂಗ್ಲಿಷ್ ಪತ್ರಿಕೆಗೆ 150 ಅಂಕ. ಅದರಲ್ಲಿ ಕೇಳಿ ಉತ್ತರಿಸುವುದಕ್ಕೆ 30, ಓದಿ ಉತ್ತರಿಸುವುದಕ್ಕೆ 50. ಅಂದರೆ ಅರ್ಧಕ್ಕಿಂತ ಹೆಚ್ಚು ಅಂಕ 'ಅರ್ಥವಾಯಿತಾ?' ಅನ್ನೋ ಒಂದೇ ಪ್ರಶ್ನೆಗೆ.

ಕೇಳುವ ಭಾಗ ಹೀಗಿರುತ್ತೆ. ಸುಮಾರು 20 ನಿಮಿಷ, 20 ಪ್ರಶ್ನೆ. ಮೊದಲ ಐದು ಪ್ರಶ್ನೆಗೆ ಐದು ಪುಟ್ಟ ಸಂಭಾಷಣೆ, ಒಂದೊಂದು ಸಲ ಮಾತ್ರ ಕೇಳಿಸುತ್ತಾರೆ. ಉಳಿದ ಹದಿನೈದಕ್ಕೆ ಸ್ವಲ್ಪ ಉದ್ದದ ಮಾತುಕತೆಗಳು, ಎರಡು ಸಲ. ಧ್ವನಿ ಶುರುವಾಗುವ ಮೊದಲು ಪ್ರಶ್ನೆ ಓದಿಕೊಳ್ಳೋಕೆ ಕೆಲವು ಸೆಕೆಂಡು ಸಿಗುತ್ತೆ. ಓದುವ ಭಾಗದಲ್ಲಿ ಬರುವ ಬರಹಗಳೆಲ್ಲ ವಿದ್ಯಾರ್ಥಿ ಹಿಂದೆ ನೋಡದವು: ಒಂದು ಜಾಹೀರಾತು ಅಥವಾ ಸೂಚನೆ, ಒಂದು ಅನುಭವ, ಒಂದು ವಿಜ್ಞಾನ ಲೇಖನ. ಇನ್ನೊಂದು ಬರಹದಲ್ಲಿ ಐದು ವಾಕ್ಯ ತೆಗೆದಿರುತ್ತಾರೆ, ಕೊಟ್ಟ ಏಳರಲ್ಲಿ ಸರಿಯಾದ ಐದನ್ನು ಆರಿಸಿ ಕೂರಿಸಬೇಕು.

ಆ 20 ನಿಮಿಷ ಪರೀಕ್ಷಾ ಕೇಂದ್ರದ ಸುತ್ತ ಕಟ್ಟಡ ಕೆಲಸ ನಿಲ್ಲುತ್ತೆ, ಹಾರ್ನ್ ಹೊಡೆಯುವಂತಿಲ್ಲ. ದಕ್ಷಿಣ ಕೊರಿಯಾ ಇನ್ನೂ ಮುಂದೆ: ಅಲ್ಲಿನ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಕೇಳುವ ಭಾಗ ನಡೆಯುವಾಗ 35 ನಿಮಿಷ ದೇಶದಲ್ಲಿ ವಿಮಾನ ಏರುವಂತಿಲ್ಲ, ಇಳಿಯುವಂತಿಲ್ಲ. ಬೀಜಿಂಗ್‌ನಲ್ಲಿ 2021ರಿಂದ ಕೇಳುವುದು, ಮಾತಾಡುವುದು ಎರಡೂ ಕಂಪ್ಯೂಟರ್ ಮೇಲೆ, ಒಟ್ಟು 50 ಅಂಕ, ಬರೆಯೋಕೆ ಎರಡು ಅವಕಾಶ.

ಒಳ್ಳೆಯ ಪ್ರಶ್ನೆ ಹೇಗಿರುತ್ತೆ?

ಇಂಥ ಪ್ರಶ್ನೆಯನ್ನು ನಮ್ಮೂರಿಗೆ ತಂದು ನೋಡೋಣ. ಇದು ನಾನೇ ಕಟ್ಟಿದ ಉದಾಹರಣೆ.

ಒಬ್ಬಾಕೆ ಕೇಳುತ್ತಾಳೆ: 'ದ ಬೇಲೂರ್ ಬಸ್ ಲೀವ್ಸ್ ಅಟ್ ಕ್ವಾರ್ಟರ್ ಟು ಫೋರ್, ರೈಟ್?' ಆತ ಹೇಳುತ್ತಾನೆ: 'ಇಟ್ ಯೂಸ್ಡ್ ಟು. ನೌ ಇಟ್ಸ್ ಹಾಫ್ ಆ್ಯನ್ ಅವರ್ ಅರ್ಲಿಯರ್.' ಪ್ರಶ್ನೆ: ಬಸ್ಸು ಎಷ್ಟು ಗಂಟೆಗೆ ಹೊರಡುತ್ತೆ?

ಉತ್ತರ 3.15. ಆದರೆ 3.15 ಅನ್ನೋ ಪದವನ್ನು ಇಬ್ಬರೂ ಹೇಳಲೇ ಇಲ್ಲ. ಕಿವಿಗೆ ಬಿದ್ದ ಪದವನ್ನು ಹಿಡಿದು ಟಿಕ್ ಮಾಡಿದವನು 3.45 ಅಂತ ಹಾಕುತ್ತಾನೆ. 'ಯೂಸ್ಡ್ ಟು' ಅಂದರೆ 'ಮೊದಲಿತ್ತು, ಈಗಿಲ್ಲ' ಅಂತ ಅರೆಗಳಿಗೆಯಲ್ಲಿ ಹೊಳೆದವಳು ಸರಿ ಹಾಕುತ್ತಾಳೆ. ಇದೇ 'ಯೂಸ್ಡ್ ಟು' ನಾವೆಲ್ಲ ವ್ಯಾಕರಣದಲ್ಲಿ ಬಿಟ್ಟ ಸ್ಥಳ ತುಂಬಿದ್ದೇ. ಖಾಲಿ ಜಾಗದಲ್ಲಿ ಅದು ಬರುತ್ತಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಬರುತ್ತಿರಲಿಲ್ಲ.

ಓದುವುದಕ್ಕೂ ಹಾಗೆಯೇ. ಹಳೇಬೀಡಿಗೆ ಬಂದ ಪ್ರವಾಸಿಯೊಬ್ಬಳ ಪತ್ರ ಅಂದುಕೊಳ್ಳಿ: ದೇವಸ್ಥಾನಕ್ಕೆ ಒಂದು ಗಂಟೆ ಇಟ್ಟುಕೊಂಡಿದ್ದೆ, ಗೈಡ್ ಬಳಪದ ಕಲ್ಲಿನ ಬಗ್ಗೆ ಹೇಳೋಕೆ ಶುರು ಮಾಡಿದರು, ಅರಸೀಕೆರೆಯಲ್ಲಿ ನನ್ನ ರೈಲು ತಪ್ಪಿತು, ಬೇಜಾರಾಗಲಿಲ್ಲ. ಪ್ರಶ್ನೆ: ಬರೆದವಳಿಗೆ ಗೈಡ್ ಬಗ್ಗೆ ಏನನ್ನಿಸಿತು? 'ಮೆಚ್ಚಿಕೊಂಡೆ' ಅನ್ನೋ ಪದ ಎಲ್ಲೂ ಇಲ್ಲ. ಅದನ್ನು ಓದುಗನೇ ಹುಡುಕಿಕೊಳ್ಳಬೇಕು. ಈ ಹುಡುಕಾಟವನ್ನು ಗೈಡ್ ಪುಸ್ತಕದಿಂದ ಉರುಹೊಡೆಯೋಕಾಗಲ್ಲ.

ಪ್ರಶ್ನೆಪತ್ರಿಕೆ ಮಾಡುವವರು ಗಮನಿಸಬೇಕಾದ್ದೂ ಇಷ್ಟೇ ಸರಳ. ನೆನಪಿನ ಶಕ್ತಿ ಅಳೆಯಬಾರದು, ಅದಕ್ಕೇ ಪ್ರಶ್ನೆ ಮೊದಲೇ ಕೈಯಲ್ಲಿರಬೇಕು. ಸಾಮಾನ್ಯ ಜ್ಞಾನ ಅಳೆಯಬಾರದು, ಬರಹ ಓದದೆಯೇ ಉತ್ತರ ಊಹಿಸುವಂತಿರಬಾರದು. ವಿಮಾನ ನಿಲ್ದಾಣ ನೋಡಿದವರಿಗಷ್ಟೇ ಅರ್ಥವಾಗುವ ಸಂಭಾಷಣೆ ಇಡಬಾರದು.

ಪರೀಕ್ಷೆಯ ಹಿನ್ನೀರು

ಭಾಷಾ ಪರೀಕ್ಷೆಯ ಬಗ್ಗೆ ಕೆಲಸ ಮಾಡುವವರು 'ವಾಶ್‌ಬ್ಯಾಕ್' ಅನ್ನೋ ಮಾತು ಬಳಸುತ್ತಾರೆ. ಪರೀಕ್ಷೆಯಲ್ಲಿ ಏನು ಕೇಳ್ತಾರೋ ಅದು ಹಿಂದಕ್ಕೆ ಹರಿದು ಬಂದು, ಕ್ಲಾಸಿನಲ್ಲಿ ಏನು ಕಲಿಸಬೇಕು ಅನ್ನೋದನ್ನು ತೀರ್ಮಾನಿಸುತ್ತೆ ಅಂತ ಅದರ ಅರ್ಥ. ನಮ್ಮ ಜಿಲ್ಲೆಯವರಿಗೆ ಹೇಳೋದಾದರೆ, ಹಿನ್ನೀರು. ಬೇಲೂರಿನಲ್ಲಿ ಯಗಚಿಗೆ ಕಟ್ಟೆ ಎಲ್ಲಿ ಕಟ್ಟಿದರೋ ಅಲ್ಲಿಂದ ಮೇಲಕ್ಕೆ ಯಾವ ಹೊಲ ಮುಳುಗುತ್ತೆ ಅಂತ ತೀರ್ಮಾನವಾಯಿತು. ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆ ಒಂದು ಅಣೆಕಟ್ಟು. ಅದರ ನೀರು ಐದನೇ ಕ್ಲಾಸಿನವರೆಗೂ ಬಂದು ನಿಲ್ಲುತ್ತೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಅಂದರೆ ಇವತ್ತು ಎಸ್ಸೆಸ್ಸೆಲ್ಸಿ ಬರೆಯುವ ಮಗು ಹತ್ತು ವರ್ಷ ಇಂಗ್ಲಿಷ್ ಕಲಿತಿರುತ್ತೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯುವ ತೀರ್ಮಾನವಾದಾಗ ನಾವೆಲ್ಲ ಪರ-ವಿರೋಧ ಜಗಳವಾಡಿದೆವು. ಮಾಧ್ಯಮ ಯಾವುದು ಅಂತ ಇಷ್ಟು ಜಗಳವಾಡಿದ ನಾವು, ಹತ್ತು ವರ್ಷ ಕಲಿತ ಮಗುವಿಗೆ ಎರಡು ನಿಮಿಷದ ಇಂಗ್ಲಿಷ್ ಮಾತು ಕಿವಿಗೆ ಹತ್ತುತ್ತಾ ಅಂತ ಕೇಳಲಿಲ್ಲ.

ಕೇಳೋರು ಇದ್ದಾರೆ, ಆದರೆ ತಡವಾಗಿ. ಕ್ಯಾಂಪಸ್ ನೇಮಕಾತಿಯಲ್ಲಿ ಹೆಡ್‌ಫೋನ್ ಹಾಕಿಸಿ, ವಾಕ್ಯ ಕೇಳಿಸಿ, ಮತ್ತೆ ಹೇಳಿಸಿ, ಪ್ರಶ್ನೆಗೆ ಉತ್ತರಿಸಿ ಅನ್ನುವ ಪರೀಕ್ಷೆಗಳು ಈಗ ಮಾಮೂಲು. ಸರ್ಕಾರ ಹದಿನಾರರಲ್ಲಿ ಕೊಡದ ಪರೀಕ್ಷೆಯನ್ನು ಕಂಪನಿ ಇಪ್ಪತ್ತೊಂದರಲ್ಲಿ ಕೊಡುತ್ತೆ. ಅಷ್ಟರಲ್ಲಿ ಮನೆಯಲ್ಲಿ, ಫೀಸು ಕಟ್ಟಿದ ಶಾಲೆಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಇಂಗ್ಲಿಷ್ ಕೇಳುತ್ತಾ ಬೆಳೆದವರು ಪಾಸಾಗುತ್ತಾರೆ. ಜಾವಗಲ್ಲಿನಿಂದ ಬಸ್ ಹಿಡಿದು ಬಂದವರು ಫೇಲಾಗಿ, 'ನನಗೆ ಇಂಗ್ಲಿಷ್ ಬರಲ್ಲ' ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ಬರೋದನ್ನು ಯಾರೂ ಕಲಿಸಿರಲಿಲ್ಲ ಅನ್ನೋದು ಅವರಿಗೆ ಹೊಳೆಯೋದೇ ಇಲ್ಲ. ನನಗೂ ಹೊಳೆದಿರಲಿಲ್ಲ.

ಹಾಗಾದರೆ ನಾಳೆಯೇ ಶುರು ಮಾಡೋಣವಾ?

ಬೇಡ. ಚೀನಾದ ಕಥೆಯ ಇನ್ನೊಂದು ಭಾಗ ಇಲ್ಲೇ ಬೇಕಾಗೋದು. ಅಲ್ಲಿ ಕೆಲವು ಪ್ರಾಂತ್ಯಗಳು ಎಷ್ಟೋ ವರ್ಷ ಕೇಳುವ ಭಾಗದ ಅಂಕವನ್ನು ಒಟ್ಟು ಅಂಕಕ್ಕೆ ಸೇರಿಸಲೇ ಇಲ್ಲ. ಉಳಿದ 120 ಅಂಕವನ್ನೇ 150ಕ್ಕೆ ಹಿಗ್ಗಿಸಿ ಲೆಕ್ಕ ಹಾಕಿದವು. ಹಳ್ಳಿ ಶಾಲೆಗಳಲ್ಲಿ ಉಪಕರಣವಿಲ್ಲ, ಕಲಿಸುವವರಿಲ್ಲ, ಇದ್ದಕ್ಕಿದ್ದಂತೆ 30 ಅಂಕ ಇಟ್ಟರೆ ಅದು ನಗರದ ಮಕ್ಕಳಿಗೆ ಕೊಟ್ಟ ಬಹುಮಾನ ಆಗುತ್ತೆ ಅನ್ನೋದು ಅದರ ಹಿಂದಿನ ಆತಂಕ. ಶ್ರವಣದೋಷ ಇರುವ ವಿದ್ಯಾರ್ಥಿಗಳಿಗೆ ಕೇಳುವ ಭಾಗದಿಂದ ವಿನಾಯಿತಿಯೂ ಇದೆ.

2018ರಲ್ಲಿ ಝೆಜಿಯಾಂಗ್ ಪ್ರಾಂತ್ಯದಲ್ಲಿ ಇನ್ನೊಂದು ಪಾಠ ಸಿಕ್ಕಿತು. ನವೆಂಬರ್‌ನ ಇಂಗ್ಲಿಷ್ ಪರೀಕ್ಷೆ ಕಷ್ಟವಾಯಿತು ಅಂತ ಅಧಿಕಾರಿಗಳು ಓದುವ ಭಾಗ ಸೇರಿದಂತೆ ಕೆಲವು ಪ್ರಶ್ನೆಗಳ ಅಂಕವನ್ನು ಪರೀಕ್ಷೆಯಾದ ಮೇಲೆ ಸರಿಹೊಂದಿಸಿದರು. ಪೋಷಕರು ತಿರುಗಿಬಿದ್ದರು, ತನಿಖೆ ನಡೆಯಿತು, ಸರಿಹೊಂದಿಸಿದ ಅಂಕ ರದ್ದಾಗಿ ಮೂಲ ಅಂಕ ಮರಳಿತು. ಪರೀಕ್ಷೆಯ ನಿಯಮವನ್ನು ಪರೀಕ್ಷೆ ಮುಗಿದ ಮೇಲೆ ಮುಟ್ಟಬಾರದು. 2024ರ ನಮ್ಮ ಎಸ್ಸೆಸ್ಸೆಲ್ಸಿ ಕೃಪಾಂಕದ ಗಲಾಟೆ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಪ್ರಕಾರ ಕ್ರಮ ಹೀಗಿರಬೇಕು.

ಮೊದಲು ಓದು. ಇದಕ್ಕೆ ಯಾವ ಉಪಕರಣವೂ ಬೇಡ. ಬಾಯಿಪಾಠದ ಅಂಕ ಕಡಿಮೆ ಮಾಡಿ, ಪುಸ್ತಕದಲ್ಲಿಲ್ಲದ ಎರಡು ಮೂರು ಚಿಕ್ಕ ಬರಹಗಳನ್ನು ಇಡಿ. ಎರಡು ವರ್ಷ ಮುಂಚೆ ಹೇಳಿ, ಮಾದರಿ ಕೊಡಿ.

ಆಮೇಲೆ ಕೇಳುವುದು. ಮೊದಲ ಎರಡು ಮೂರು ವರ್ಷ ಅಂಕ ಒಟ್ಟಿಗೆ ಸೇರಿಸಬೇಡಿ, ಅಂಕಪಟ್ಟಿಯಲ್ಲಿ ಪಕ್ಕದಲ್ಲಿ ಬರೆಯಿರಿ ಸಾಕು. ಧ್ವನಿ ಭಾರತದ ಜನರದ್ದಾಗಿರಲಿ, ಎರಡು ಸಲ ಕೇಳಿಸಲಿ. ದುಡ್ಡಿಲ್ಲ ಅನ್ನಬೇಡಿ. 2024ರಲ್ಲಿ ನಕಲು ತಡೆಯೋಕೆ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ರಾಜ್ಯ ಇದು. ಮಕ್ಕಳನ್ನು ನೋಡೋಕೆ ಕ್ಯಾಮೆರಾ ಇಡಬಲ್ಲ ಸರ್ಕಾರಕ್ಕೆ, ಮಕ್ಕಳಿಗೆ ಕೇಳಿಸೋಕೆ ಒಂದು ಸ್ಪೀಕರ್ ಇಡೋದು ಕಷ್ಟವಲ್ಲ. ಕಲಿಕೆಗೂ ನಮಗೆ ಹಳೇ ದಾರಿ ಇದೆ: ಆಕಾಶವಾಣಿಯಲ್ಲಿ 'ಕೇಳಿ ಕಲಿ' ಅಂತ ಶಾಲಾ ಮಕ್ಕಳಿಗಾಗಿಯೇ ಕಾರ್ಯಕ್ರಮ ಬರುತ್ತಿತ್ತು. ಈಗ ಅದಕ್ಕೆ ರೇಡಿಯೊ ಕೂಡ ಬೇಡ, ಮೇಷ್ಟ್ರ ಜೇಬಿನಲ್ಲಿರೋ ಫೋನ್ ಸಾಕು.

ಕೊನೆಗೆ, ಇದನ್ನು ಕನ್ನಡದಿಂದಲೇ ಶುರು ಮಾಡಬಹುದು. ಪ್ರಥಮ ಭಾಷೆಯ ಪತ್ರಿಕೆಯಲ್ಲೂ ಕೇಳಿ ಉತ್ತರಿಸುವ ಭಾಗ ಇಲ್ಲ. ಒಂದು ಭಾಷಣವನ್ನು ಕೇಳಿ, ಮಾತಾಡಿದವರು ಹೇಳಿದ್ದೇನು, ಹೇಳದೆ ಬಿಟ್ಟಿದ್ದೇನು ಅಂತ ಗುರುತಿಸೋ ಕೌಶಲ ಮತದಾರರಿಗೂ ಬೇಕು. ತಾಯಿನುಡಿಯಲ್ಲಿ ಆ ಅಭ್ಯಾಸ ಆದವರಿಗೆ ಎರಡನೇ ಭಾಷೆಯಲ್ಲಿ ಅದು ಅಷ್ಟು ಹೊಸದಾಗಿ ಕಾಣಲ್ಲ.

ಕಳೆದ ಸಲ ಊರಿಗೆ ಹೋದಾಗ ಬೇಲೂರಿಗೂ ಹೋಗಿದ್ದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದವು. ಗೈಡ್ ಒಬ್ಬರು ವಿದೇಶಿ ದಂಪತಿಗೆ ಶಿಲ್ಪ ತೋರಿಸುತ್ತಿದ್ದರು. ಅವರು ಏನೋ ಕೇಳಿದರು, ನನಗೆ ಅರ್ಧ ಅರ್ಥವಾಯಿತು. ಗೈಡ್ ಗಾಬರಿಯಾಗಲಿಲ್ಲ. ಆ ಪ್ರಶ್ನೆಯನ್ನೇ ತಮ್ಮ ಇಂಗ್ಲಿಷ್‌ನಲ್ಲಿ ತಿರುಗಿಸಿ ಹೇಳಿ, ಇದನ್ನೇನಾ ನೀವು ಕೇಳ್ತಿರೋದು ಅಂತ ಖಚಿತ ಮಾಡಿಕೊಂಡು, ಆಮೇಲೆ ಉತ್ತರಿಸಿದರು.

91 ಅಂಕ ತಗೊಂಡಿದ್ದ ನನಗೆ ಆ ಫೋನ್‌ನಲ್ಲಿ ಬೇಕಾಗಿದ್ದದ್ದು ಇದೊಂದೇ. 'ಇನ್ನೊಂದು ಸಲ ಹೇಳ್ತೀರಾ?' ಅಂತ ಕೇಳಬಹುದು ಅನ್ನೋದೂ ಯಾರಾದರೂ ಕಲಿಸಿದರೇ ಬರುತ್ತೆ.