ಅರವತ್ತು ಡಾಲರಿನ ಗ್ರೈಂಡರ್

"ಅಮ್ಮಾ, ಒಂದು ಗ್ರೈಂಡರ್ ತಗೊಂಡೆ" ಅಂತ ಫೋನಿನಲ್ಲಿ ಹೇಳಿದ್ದೇ ತಪ್ಪಾಯ್ತು.

"ಎಷ್ಟು ಲೀಟರಿಂದೋ? ಟಿಲ್ಟಿಂಗಾ?" ಅಂದಳು ಅಮ್ಮ.

ದೋಸೆ ಹಿಟ್ಟು ರುಬ್ಬೋದಲ್ಲಮ್ಮ, ಕಬ್ಬಿಣ ಉಜ್ಜೋದು, ಅದೂ ಸೆಕೆಂಡ್ ಹ್ಯಾಂಡು ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ತಡಿ, ನಿನ್ನ ಮಾವ ಇಲ್ಲೇ ಕೂತಿದಾನೆ, ಅವನಿಗೇ ಹೇಳು" ಅಂತ ಫೋನು ದಾಟಿಸಿಬಿಟ್ಟಳು. ಆ ಫೋನು ಮಾವನ ಕೈಗೆ ಹೋಗಿದ್ದು ನನ್ನ ಪುಣ್ಯ. ಯಾಕೆ ಅಂತ ಹೇಳ್ತೀನಿ, ಮೊದಲು ಗ್ರೈಂಡರಿನ ಕಥೆ ಕೇಳಿ.

ದಿನವಿಡೀ ಕೀಬೋರ್ಡು ಕುಟ್ಟೋ ನನಗೆ ವಾರಾಂತ್ಯದಲ್ಲಿ ಮರಗೆಲಸದ ಹುಚ್ಚು ಹತ್ತಿ ವರ್ಷವಾಯ್ತು. ಗ್ಯಾರೇಜ್ ಸೇಲ್‌ಗಳಲ್ಲಿ ಹೆಕ್ಕಿ ತಂದ ಉಳಿಗಳೆಲ್ಲ ಮೊಂಡು. ಊರಲ್ಲಾದ್ರೆ "ಚಾಕೂ ಸಾಣೇ..." ಅಂತ ಕೂಗಿಕೊಂಡು ಬರ್ತಿದ್ದ, ಪೆಡಲು ತುಳೀತಾ ಕಿಡಿ ಹಾರಿಸ್ತಿದ್ದ. ಈ ವಿಸ್ಕಾನ್ಸಿನ್ ಚಳಿಯಲ್ಲಿ ಯಾರು ಬರ್ತಾರೆ? ಸಾಣೆ ನಾವೇ ಹಿಡಿಬೇಕು.

ಹೊಸದನ್ನೇ ತಗೋಬಹುದಿತ್ತಲ್ಲ ಅಂತೀರಾ? ಅಗ್ಗದ ಹೊಸದು ಹಗುರ, ಚಾಲೂ ಮಾಡಿದ್ರೆ ಮೇಜಿನ ಮೇಲೆ ನಡೆದಾಡುತ್ತೆ. ಹಳೇದರ ಮೈಯೆಲ್ಲ ಎರಕದ ಕಬ್ಬಿಣ, ಭಾರವೇ ಅದರ ಗುಣ. ಒಳಗಿರೋದು ಇಂಡಕ್ಷನ್ ಮೋಟಾರು. ಅದರಲ್ಲಿ ಮಿಕ್ಸಿ ಮೋಟಾರಿನ ಹಾಗೆ ಕಾರ್ಬನ್ ಬ್ರಷ್ ಇಲ್ಲ, ಸವೆಯೋ ವಸ್ತುವೇ ಕಮ್ಮಿ. ಕೆಡೋದು ಹೆಚ್ಚಾಗಿ ಬೇರಿಂಗು, ಸ್ವಿಚ್ಚು, ಕೆಪಾಸಿಟರು. ಎಲ್ಲಾ ಇವತ್ತಿಗೂ ಸಿಗುತ್ತೆ. ಅದಕ್ಕೇ ನಮ್ಮಪ್ಪನ ವಯಸ್ಸಿನ ಗ್ರೈಂಡರುಗಳು ಇಲ್ಲಿ ಇನ್ನೂ ತಿರುಗ್ತಾ ಇವೆ.

ಮೊನ್ನೆ ಶನಿವಾರ ಒಬ್ಬರು ಅಜ್ಜಿ ಮನೆಗೆ ಹೋದೆ. ತೀರಿಹೋದ ಯಜಮಾನರ ಸಾಮಾನು ಮಾರ್ತಾ ಇದ್ರು. ಮೂಲೆಯಲ್ಲಿ ಏಳಿಂಚಿನ ಗ್ರೈಂಡರು. ಹೆಸರಿನ ತಗಡಿನ ಮೇಲೆ ಡೆಲ್ಟಾ, ರಾಕ್‌ವೆಲ್ ಎರಡೂ ಇತ್ತು. ಡೆಲ್ಟಾ ಕಂಪನಿ 1919ರಲ್ಲಿ ಇಲ್ಲೇ ಮಿಲ್ವಾಕಿಯಲ್ಲಿ ಹುಟ್ಟಿದ್ದು, 1945ರಲ್ಲಿ ರಾಕ್‌ವೆಲ್ ಅದನ್ನು ಕೊಂಡುಕೊಂಡಿತು. ಅಂದ್ರೆ ಇದು ಅದಾದ ಮೇಲಿನದು.

ಓದಿಕೊಂಡು ಹೋಗಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಪ್ಲಗ್ ಕಿತ್ತು ಕೈಯಲ್ಲಿ ತಿರುಗಿಸಿದೆ, ಕರಕರ ಇಲ್ಲ. ಶಾಫ್ಟು ಮೇಲೆ ಕೆಳಗೆ ಅಲ್ಲಾಡಿಸಿದೆ, ಆಟ ಇಲ್ಲ. ಸ್ವಿಚ್ ಹಾಕಿದ ತಕ್ಷಣ ತಿರುಗಿತು. ಬರೀ ಗುಂಯ್ ಅಂದು ನಿಂತಿದ್ರೆ, ಕೈಯಿಂದ ತಳ್ಳಿದ ಮೇಲೆ ಮಾತ್ರ ತಿರುಗಿದ್ರೆ, ಕೆಪಾಸಿಟರಿಗೋ ಒಳಗಿನ ಸ್ಟಾರ್ಟಿಂಗ್ ಸ್ವಿಚ್ಚಿಗೋ ಕಾಯಿಲೆ ಅಂತ ಲೆಕ್ಕ. ಆಫ್ ಮಾಡಿದ ಮೇಲೂ ಒಂದು ನಿಮಿಷದ ಮೇಲೆ ಸದ್ದಿಲ್ಲದೆ ತಿರುಗ್ತಾ ಇತ್ತು. ಬೇರಿಂಗು ಭೇಷ್! 75 ಅಂದ ಅಜ್ಜಿ 60ಕ್ಕೆ ಒಪ್ಪಿದರು. "ಅವರು ಇದಿಲ್ಲದೆ ಯಾವತ್ತೂ ಸ್ವಿಚ್ ಹಾಕ್ತಿರಲಿಲ್ಲ" ಅಂತ ಒಂದು ಹಳೇ ಕನ್ನಡಕವನ್ನೂ ಕೊಟ್ಟರು. ನಾನು ಮಾತ್ರ ಅಷ್ಟು ಹೊತ್ತೂ ಬರೀ ಕಣ್ಣಲ್ಲಿ, ಕಲ್ಲಿನ ನೇರಕ್ಕೇ ಮುಖ ಇಟ್ಟು ನಿಂತಿದ್ದೆ.

ಈಗ ಫೋನಿಗೆ ಬರೋಣ. ಮಾವ ದಾವಣಗೆರೆಯಲ್ಲಿ ಮೂವತ್ತು ವರ್ಷ ಲೇತ್ ಶಾಪ್ ನಡೆಸಿದವರು. ನನ್ನ ಪರೀಕ್ಷೆಗಳ ಪಟ್ಟಿಯನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಕಲ್ಲು ಬಡಿದು ನೋಡಿದ್ಯೇನೋ?"

ಇಲ್ಲ ಮಾವ, ತಿರುಗ್ತಾ ಇತ್ತಲ್ಲ ಅಂದೆ.

"ಒಡೆಯೋ ತನಕ ಎಲ್ಲಾ ಕಲ್ಲೂ ತಿರುಗುತ್ತೆ. ನಮ್ಮ ಶಾಪಲ್ಲಿ ಒಂದ್ಸಲ ಒಡೆದು ಚೂರು ಹೋಗಿ ಶೀಟು ತೂತು ಮಾಡಿತ್ತು. ಹುಡುಗ ಟೀ ತರಕ್ಕೆ ಹೋಗಿದ್ದಕ್ಕೆ ಉಳಕೊಂಡ. ಬಿಚ್ಚಿ ನೋಡು ಮೊದಲು."

ಬಿಚ್ಚೋಕೆ ಹೋದ್ರೆ ಎಡಗಡೆ ನಟ್ಟು ಜಪ್ಪಯ್ಯ ಅಂದ್ರೂ ಬರ್ತಿಲ್ಲ. ಅರ್ಧ ಗಂಟೆ ಬೆವರಿಳಿಸಿದ ಮೇಲೆ ಗೊತ್ತಾಯ್ತು, ಆ ಕಡೆ ಮರೆ ಉಲ್ಟಾ! ಕಲ್ಲು ತಿರುಗೋ ರಭಸಕ್ಕೆ ನಟ್ಟು ಸಡಿಲವಾಗದಿರಲಿ ಅಂತ ಎಡಕ್ಕೆ ಉಲ್ಟಾ ಮರೆ ಕೊಟ್ಟಿರ್ತಾರೆ. ಇಷ್ಟು ಹೊತ್ತು ನಾನು ಬಿಗಿ ಮಾಡ್ತಾ ಇದ್ದೆ.

ಬಡಿದು ನೋಡೋದು ಅಂದ್ರೆ ಸಂತೆಯಲ್ಲಿ ಮಡಕೆ ಬಡಿದು ನೋಡಿದ ಹಾಗೇ. ಕಲ್ಲನ್ನು ಒರೆಸಿ, ತೂತಿಗೆ ಬೆರಳು ತೂರಿಸಿ ನೇತುಹಾಕಿ, ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಅಂಚಿನಿಂದ ಒಂದೆರಡು ಇಂಚು ಒಳಗೆ ಮೆಲ್ಲಗೆ ತಟ್ಟಬೇಕು. ತಿರುಗಿಸಿ ಇನ್ನೊಂದು ಜಾಗದಲ್ಲಿ ಮತ್ತೆ ತಟ್ಟಬೇಕು. ಬಲಗಡೆಯ ಕಲ್ಲು "ಠಣ್" ಅಂತು. ಎಡಗಡೆಯದು "ದಬ್". ಇನ್ನೊಂದ್ಸಲ ತಟ್ಟಿದೆ. "ದಬ್".

ಟಾರ್ಚ್ ಹಿಡಿದು ನೋಡಿದ್ರೆ, ನಡುವಿನ ಕಾಗದದ ವಾಷರಿನ ಅಡಿಯಿಂದ ಕೂದಲಿನಷ್ಟು ಸಣ್ಣ ಬಿರುಕು.

ಲೆಕ್ಕ ಹಾಕಿದೆ. ಏಳಿಂಚಿನ ಕಲ್ಲು, ನಿಮಿಷಕ್ಕೆ 3450 ಸುತ್ತು. ಅಂಚಿನ ವೇಗ ಗಂಟೆಗೆ ಸುಮಾರು 115 ಕಿಲೋಮೀಟರ್. ಅದರ ನೇರಕ್ಕೇ ಮುಖ ಇಟ್ಕೊಂಡು ನಾನು ಬೇರಿಂಗು ಭೇಷ್ ಅಂತಿದ್ದೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಆ ಕಲ್ಲನ್ನು ಇನ್ಯಾರೂ ಹಾಕಿಕೊಳ್ಳದ ಹಾಗೆ ಸುತ್ತಿಗೆಯಲ್ಲಿ ಒಡೆದು ಬಿಸಾಕಿದೆ. ಹೊಸದನ್ನು ತರುವಾಗ ಅದರ ಮೇಲೆ ಬರೆದಿರೋ ಗರಿಷ್ಠ ವೇಗ 3450ಕ್ಕಿಂತ ಜಾಸ್ತಿ ಇದೆಯಾ ಅಂತ ನೋಡಿ, ಅದನ್ನೂ ಬಡಿದು ನೋಡಿದೆ. ಎರಡೂ ಬದಿಗೆ ಕಾಗದದ ವಾಷರ್ ಹಾಕಿ, ನಟ್ಟನ್ನು ಹದವಾಗಿ ಬಿಗಿದೆ. ಅತಿಯಾಗಿ ಬಿಗಿದ್ರೆ ಅದರಿಂದಲೇ ಕಲ್ಲು ಬಿರಿಯಬಹುದು. ಬಿರುಕು ಬಿಟ್ಟಿದ್ದ ಎರಡು ಪಿನ್ನಿನ ವೈರು ಕಿತ್ತು, ಮೂರು ಪಿನ್ನಿಂದು ಹಾಕಿ ಕಬ್ಬಿಣದ ಮೈಗೆ ಅರ್ತ್ ಕೊಟ್ಟೆ. ಕೆಲಸದ ವಸ್ತು ಊರೋ ಪಟ್ಟಿಗೂ ಕಲ್ಲಿಗೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಬಿಡಬಾರದು, ಮೇಲಿನ ನಾಲಿಗೆಗೆ 6. ಇಲ್ಲಿನ ಕಾರ್ಮಿಕ ಸುರಕ್ಷತಾ ನಿಯಮವೇ ಇದು. ಸಂದು ದೊಡ್ಡದಾದ್ರೆ ಉಳಿ ಒಳಗೆ ಸಿಕ್ಕಿಕೊಂಡು ಕಲ್ಲು ಒಡೆಯುತ್ತೆ. ಕೈಗವಸು ಬೇಡ, ಜೋತು ಬೀಳೋ ತೋಳೂ ಬೇಡ. ಅಲ್ಯೂಮಿನಿಯಂ ಅಂತೂ ಈ ಕಲ್ಲಿಗೆ ತಾಗಿಸಲೇಬಾರದು, ಮೆತ್ತಿಕೊಳ್ಳುತ್ತೆ.

ಕೊನೆಗೆ ಅಜ್ಜಿ ಕೊಟ್ಟ ಕನ್ನಡಕ ಬಿಟ್ಟು, ಹೊಸ ಕನ್ನಡಕ ಮತ್ತು ಮುಖ ಮುಚ್ಚೋ ಶೀಲ್ಡ್ ಹಾಕಿ, ಪಕ್ಕಕ್ಕೆ ನಿಂತು ಸ್ವಿಚ್ ಹಾಕಿದೆ. ಒಂದು ನಿಮಿಷ ಖಾಲಿ ತಿರುಗಲು ಬಿಟ್ಟೆ. ಆಮೇಲೆ ಉಳಿಯನ್ನು ಆಗಾಗ ನೀರಿಗೆ ಅದ್ದುತ್ತಾ ಹಿಡಿದೆ. ಅಂಚು ನೀಲಿಗೆ ತಿರುಗಿದ್ರೆ ಉಕ್ಕಿನ ಹದ ಹೋಯ್ತು ಅಂತ ಅರ್ಥ. ಹೋಗಲಿಲ್ಲ.

ಹಳೇ ಗ್ರೈಂಡರ್ ಕಂಡ್ರೆ ಖಂಡಿತ ತಗೊಳ್ಳಿ. ಆದ್ರೆ ಮೋಟಾರಿಗೆ ದುಡ್ಡು ಕೊಡಿ, ಕಲ್ಲನ್ನು ನಂಬಬೇಡಿ. ಬಡಿದು ನೋಡೋ ತನಕ ಸ್ವಿಚ್ ಹಾಕಲೂ ಬೇಡಿ.

ಎಲ್ಲಾ ಮುಗಿಸಿ, ಹೆಮ್ಮೆಯಿಂದ ಒಂದು ಫೋಟೋ ತೆಗೆದು ಮಾವನಿಗೆ ಕಳಿಸಿದೆ. ಶಹಭಾಷ್ ಅಂತಾರೆ ಅಂದುಕೊಂಡಿದ್ದೆ. ಉತ್ತರ ಬಂತು: "ಬಲಗಡೆ ಪಟ್ಟಿ ಇನ್ನೂ ದೂರ ಇದೆ. ಹತ್ರ ಮಾಡು."

ಅಳೆದು ನೋಡಿದೆ. 5 ಮಿಲಿಮೀಟರ್ ಇತ್ತು.