ಮೂಗಿನ ಉಸಿರಿನ ಅಳತೆ

ಗಜೇಂದ್ರಗಡದ ಗುಡ್ಡಗಳ ಗಾಳಿಯನ್ನು ಅಳೆದು ಅಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಅದೇ ಸೀಮೆಯ ಲಕ್ಕಲಕಟ್ಟಿಯಲ್ಲಿ ಜೋಳದ ರಾಶಿ ಮಾಡುವ ರೈತನ ಮೂಗಿನೊಳಗಣ ಗಾಳಿಯನ್ನೂ ಅಳೆಯಬಹುದೆಂದರೆ ಕೇಳುವವರಿಗೆ ವಿನೋದವೆನಿಸೀತು. ಆದರೆ ಧೂಳಿನಿಂದ ಮೂಗು ಕಟ್ಟಿತೆಂದು ಆತನು ವೈದ್ಯರಲ್ಲಿಗೆ ಬಂದರೆ, ಕಟ್ಟಿರುವುದು ಎಷ್ಟೆಂದು ನಿರ್ಣಯಿಸಬೇಕಷ್ಟೆ. ಅದಕ್ಕೆ ಮೊದಲು ಆರೋಗ್ಯವಂತರ ಮೂಗಿನ ಪ್ರಮಾಣ ತಿಳಿದಿರಬೇಕು.

ಉಸಿರಿನ ಹಾದಿಯ ಒಟ್ಟು ತಡೆಯಲ್ಲಿ ಸುಮಾರು ಅರ್ಧಪಾಲು ಮೂಗಿನದೇ. ಹೊಳ್ಳೆಯಿಂದ ತುಸು ಒಳಗಿರುವ ಇಕ್ಕಟ್ಟಾದ ಸ್ಥಳವೇ ಇದಕ್ಕೆ ಮುಖ್ಯ ಕಾರಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಲೆಂಡಿನ ಜ್ವಾರ್ಡೆಮಾಕರ್ ಎಂಬ ವಿದ್ವಾಂಸರು ಮೂಗಿನಡಿ ತಣ್ಣನೆಯ ಫಲಕವನ್ನು ಹಿಡಿದು, ಅದರ ಮೇಲೆ ಮೂಡಿದ ಎರಡು ಹಬೆಯ ಮಚ್ಚೆಗಳನ್ನು ಹೋಲಿಸಿದರು. ಈಗಿನ ಕ್ರಮ ಇನ್ನೂ ಜಾಣತನದ್ದು. ಒಂದು ಹೊಳ್ಳೆಯನ್ನು ಸಣ್ಣ ಕೊಳವೆಯೊಡನೆ ಗಾಳಿಯಾಡದಂತೆ ಮುಚ್ಚುತ್ತಾರೆ. ಅಲ್ಲಿ ಹರಿವಿಲ್ಲವಾದ್ದರಿಂದ ಮೂಗಿನ ಹಿಂಬದಿಯ ಒತ್ತಡವು ಆ ಕೊಳವೆಯಲ್ಲಿಯೇ ಕಾಣುತ್ತದೆ. ತೆರೆದ ಹೊಳ್ಳೆಯ ಉಸಿರನ್ನು ಮುಖವಾಡದ ಮೂಲಕ ಅಳೆದು, ಬಳಿಕ ಹೊಳ್ಳೆಗಳನ್ನು ಅದಲುಬದಲು ಮಾಡುತ್ತಾರೆ. ಒತ್ತಡವನ್ನು ಹರಿವಿನಿಂದ ಭಾಗಿಸಿದರೆ ಬರುವುದೇ ತಡೆ. 150 ಪಾಸ್ಕಲ್ ಒತ್ತಡದಲ್ಲಿ ಎರಡು ಹೊಳ್ಳೆಗಳಿಂದಲೂ ಸೇರಿ ಸೆಕೆಂಡಿಗೆ 600 ಘನ ಸೆಂಟಿಮೀಟರ್ ಗಾಳಿ ಹರಿದರೆ ತಡೆ 0.25, ಆರೋಗ್ಯವಂತ ವಯಸ್ಕರಲ್ಲಿ ಕಾಣುವ ಸರಾಸರಿಯೂ ಹೆಚ್ಚುಕಡಮೆ ಇಷ್ಟೇ.

ಆದರೆ ಈ 600 ಒಮ್ಮೆ 300ಕ್ಕೆ 300 ಆಗಿ ಹಂಚಿಹೋಗಬಹುದು, ಕೆಲವು ಗಂಟೆ ಕಳೆದ ಮೇಲೆ 450ಕ್ಕೆ 150 ಆಗಬಹುದು. ಅನೇಕರಲ್ಲಿ ಒಳಪೊರೆಯು ಒಂದು ಬದಿ ಉಬ್ಬಿದಾಗ ಮತ್ತೊಂದು ಬದಿ ಇಳಿಯುತ್ತದೆ. ಮೊತ್ತ ಬಹುಮಟ್ಟಿಗೆ ಸ್ಥಿರ. ಜರ್ಮನಿಯ ಕೈಸರ್ ಇದನ್ನು 1895ರಲ್ಲಿ ವರ್ಣಿಸಿದರು. ಇಡಾ ಪಿಂಗಳಾ ಎಂದು ನಮ್ಮ ಸ್ವರಶಾಸ್ತ್ರದವರು ಅದಕ್ಕೂ ಬಹು ಹಿಂದೆಯೇ ಗಮನಿಸಿದ್ದುಂಟು. ಅದರಿಂದ ಶಕುನ ನುಡಿದದ್ದು ಬೇರೆ ಮಾತು. ಆದಕಾರಣ ಒಂದೇ ಹೊಳ್ಳೆಯನ್ನು ಒಂದೇ ಸಲ ಅಳೆದು ರೋಗವೆನ್ನುವುದು ಅನ್ಯಾಯ. ವ್ಯಾಯಾಮದಿಂದ ತಡೆ ಇಳಿಯುತ್ತದೆ, ಮಲಗಿದರೆ ಏರುತ್ತದೆ. ಅಳೆಯುವ ಮೊದಲು ರೋಗಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸುವುದು ಇದಕ್ಕಾಗಿಯೇ.

ನಮ್ಮ ಅನುಭವವನ್ನಂತೂ ಪೂರಾ ನಂಬುವಂತಿಲ್ಲ. ಮೆಂಥಾಲ್ ಮೂಸಿದೊಡನೆ ಮೂಗು ಬಿಟ್ಟಂತಾಗುತ್ತದೆ. ಅಳೆದರೆ ತಡೆ ಇದ್ದಷ್ಟೇ ಇರುತ್ತದೆ. ತಂಪಿನ ಅರಿವನ್ನು ಉಸಿರಿನ ಸರಾಗವೆಂದು ತಿಳಿಯುತ್ತೇವೆ.

ಮೂಗಿನ ನಡುಗೋಡೆ ಸೊಟ್ಟಗಿರುವುದು ಅನೇಕ ಆರೋಗ್ಯವಂತರಲ್ಲಿಯೂ ಉಂಟು. ಅದನ್ನು ಕಂಡಮಾತ್ರಕ್ಕೆ ಶಸ್ತ್ರ ಹಿಡಿಯಬೇಕಾಗಿಲ್ಲ. ಒಳಪೊರೆಯನ್ನು ಕುಗ್ಗಿಸುವ ಔಷಧವನ್ನು ಹಾಕಿ ಮತ್ತೊಮ್ಮೆ ಅಳೆಯುತ್ತಾರೆ: ತಡೆ ಚೆನ್ನಾಗಿ ಇಳಿದರೆ ದೋಷವು ಪೊರೆಯ ಊತದ್ದು, ಔಷಧಿಗೆ ಬಗ್ಗುವಂಥದ್ದು, ಇಳಿಯದಿದ್ದರೆ ಎಲುಬು, ಮೃದ್ವಸ್ಥಿಗಳ ಕಡೆಗೆ ನೋಡಬೇಕು.