ಬೂಸ್ಟ್ ಗೇಜ್: ಕೊಳವೆಯದೋ, ತಂತಿಯದೋ?

ಪುಣೆಯಿಂದ ಬೆಳಗಾವಿ ಕಡೆಗೆ ಕಾರಿನಲ್ಲಿ ಹೋಗುವವರಿಗೆ ಖಂಬಾಟ್ಕಿ ಘಾಟ್ ಗೊತ್ತೇ ಇರುತ್ತದೆ. ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಊರಿಗೆ ಹೊರಟಿದ್ದ ನಮ್ಮ ಹಳೆಯ ಡೀಸೆಲ್ ಕಾರು ಆ ಏರಿನಲ್ಲಿ ಏದುಸಿರು ಬಿಡತೊಡಗಿತು. ಹಿಂದೆ ಲಾರಿಗಳ ಹಾರ್ನು, ಕಾರಿನೊಳಗೆ ವಯಸ್ಸಾದ ಅಮ್ಮ. ಹೇಗೋ ಘಾಟ್ ದಾಟಿ ಗ್ಯಾರೇಜ್ ಸೇರಿದರೆ, "ಟರ್ಬೋ ಹೋಗಿದೆ, ಹೊಸದೇ ಹಾಕಬೇಕು" ಎಂದರು. ಒಪ್ಪದೆ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಸೀಳಿದ್ದು ಇಂಟರ್‌ಕೂಲರಿನ ರಬ್ಬರ್ ಪೈಪ್ ಅಷ್ಟೇ!

ಡ್ಯಾಶ್‌ಬೋರ್ಡಿನಲ್ಲಿ ಒಂದು ಬೂಸ್ಟ್ ಗೇಜ್ ಇದ್ದಿದ್ದರೆ ಒತ್ತಡ ಇಳಿಯುತ್ತಿರುವುದು ಮೊದಲೇ ಕಾಣುತ್ತಿತ್ತು. ಕೊಳ್ಳಲು ಹೋದಾಗ ಎದುರಾದ ಪ್ರಶ್ನೆ: ಮೆಕ್ಯಾನಿಕಲ್ಲೋ, ಎಲೆಕ್ಟ್ರಾನಿಕ್ಕೋ?

ಮೆಕ್ಯಾನಿಕಲ್ ಗೇಜಿಗೆ ಇಂಜಿನ್ನಿನ ಇನ್‌ಟೇಕ್‌ನಿಂದ ಒಂದು ಸಣ್ಣ ಕೊಳವೆ ನೇರವಾಗಿ ಬರುತ್ತದೆ. ಒಳಗೆ ಬಾಗಿದ ಲೋಹದ ನಳಿಕೆಯಿದೆ. ಫ್ರಾನ್ಸಿನ ಯೂಜೀನ್ ಬೂರ್ದಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಒತ್ತಡ ಹೆಚ್ಚಿದಂತೆ ನಳಿಕೆ ನೆಟ್ಟಗಾಗಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಅಗ್ಗ, ಸರಳ, ದೀಪಕ್ಕೆ ಬಿಟ್ಟರೆ ಕರೆಂಟ್ ಬೇಡ. ಆದರೆ ಕೊಳವೆ ಬಿಸಿ ಟರ್ಬೋಗೆ ತಾಗಬಾರದು, ಫೈರ್‌ವಾಲ್ ದಾಟುವಲ್ಲಿ ರಬ್ಬರ್ ಗ್ರಾಮೆಟ್ ಇರಲೇಬೇಕು. ಪೆಟ್ರೋಲ್ ಕಾರಿನಲ್ಲಿ ಕೊಳವೆ ಬಿರುಕು ಬಿಟ್ಟರೆ ಐಡ್ಲಿಂಗ್ ಹದಗೆಡುತ್ತದೆ. ವೇಸ್ಟ್‌ಗೇಟಿನ ಪೈಪಿಗೆ ಮಾತ್ರ ಟೀ ಜಾಯಿಂಟ್ ಹಾಕಬೇಡಿ; ಅಲ್ಲಿ ಸೋರಿದರೆ ಬೂಸ್ಟ್ ಮಿತಿಮೀರಬಹುದು.

ಎಲೆಕ್ಟ್ರಾನಿಕ್ ಗೇಜಿನಲ್ಲಿ ಸೆನ್ಸರ್ ಬಾನೆಟ್ಟಿನೊಳಗೇ ಉಳಿಯುತ್ತದೆ, ಕ್ಯಾಬಿನ್ನಿಗೆ ಬರುವುದು ತಂತಿ ಮಾತ್ರ. ಒಳ್ಳೆಯ ಮಾದರಿಗಳಲ್ಲಿ ಗರಿಷ್ಠ ಒತ್ತಡದ ನೆನಪು, ಮಿತಿ ದಾಟಿದರೆ ಎಚ್ಚರಿಕೆಯ ಸದ್ದು ಎಲ್ಲ ಇರುತ್ತವೆ. ಬೆಲೆ ಹೆಚ್ಚು, ಫ್ಯೂಸ್ ಹಾಕಿ ವೈರಿಂಗ್ ಮಾಡುವ ಕೈಯೂ ನುರಿತಿರಬೇಕು. ಎಲೆಕ್ಟ್ರಾನಿಕ್ ಎಂದ ಮಾತ್ರಕ್ಕೆ ನಿಖರ ಎಂದುಕೊಳ್ಳಬೇಡಿ. ಅಗ್ಗದ ಸೆನ್ಸರಿಗಿಂತ ಒಳ್ಳೆಯ ಬೂರ್ದಾನ್ ನಳಿಕೆಯೇ ವಾಸಿ.

ವಾರಂಟಿ ಇರುವ ಹೊಸ ಕಾರಾದರೆ ಪೈಪಿಗೂ ವೈರಿಗೂ ಕತ್ತರಿ ಹಾಕದಿರುವುದೇ ಕ್ಷೇಮ. ಓಬಿಡಿ ಪೋರ್ಟಿಗೆ ಅಡಾಪ್ಟರ್ ಸಿಕ್ಕಿಸಿ ಮೊಬೈಲಿನಲ್ಲೇ ನೋಡಬಹುದು, ತುಸು ತಡವಾಗಿ ತೋರಿಸುತ್ತದೆ ಅಷ್ಟೇ. ಒಂದು ಲೆಕ್ಕ ನೆನಪಿರಲಿ: ಅಲ್ಲಿ ಕಾಣುವುದು ಸಾಮಾನ್ಯವಾಗಿ ಒಟ್ಟು ಒತ್ತಡ. ಅದರಲ್ಲಿ ಹೊರಗಿನ ಗಾಳಿಯ ಒತ್ತಡ ಕಳೆದರೆ ಬೂಸ್ಟ್ ಸಿಗುತ್ತದೆ. ಕಳೆಯಬೇಕಾದದ್ದು ಮುಂಬಯಿಯಲ್ಲಿ ಸುಮಾರು 101 ಕಿಲೋಪಾಸ್ಕಲ್, ಪುಣೆಯಲ್ಲಿ 95, ಬೆಂಗಳೂರಿನಲ್ಲಿ 91.

ನಾನು ಹಾಕಿಸಿದ್ದು ಮೆಕ್ಯಾನಿಕಲ್. ಹಳೆಯ ಡೀಸೆಲ್ಲಿಗೆ ಅಷ್ಟು ಸಾಕು. ಇಂಜಿನ್ ಟ್ಯೂನ್ ಮಾಡಿಸಿದವರಿಗೆ ಎಚ್ಚರಿಕೆಯ ಸದ್ದಿರುವ ಎಲೆಕ್ಟ್ರಾನಿಕ್ಕೇ ಸರಿ. ಯಾವುದೇ ಇರಲಿ, ಕಾರು ಚೆನ್ನಾಗಿರುವಾಗಲೇ ಒಂದು ಏರಿನಲ್ಲಿ, ಒಂದೇ ಗೇರಿನಲ್ಲಿ ಎಷ್ಟು ಬೂಸ್ಟ್ ಬರುತ್ತದೆಂದು ಬರೆದಿಟ್ಟುಕೊಳ್ಳಿ. ಮುಂದೊಂದು ದಿನ ಯಾರಾದರೂ "ಟರ್ಬೋ ಹೋಗಿದೆ" ಎಂದಾಗ, ಮೊದಲು ಪೈಪ್ ನೋಡಿ ಎನ್ನಲು ನಿಮ್ಮ ಕೈಯಲ್ಲೊಂದು ಅಂಕಿ ಇರುತ್ತದೆ.